ನಮ್ಮನೇಲಿ ತಿನ್ನಲ್ಲ

ಕಳೆದ ವಾರ ಕಡೂರಿನ ಅಂಚೆಯವನು ಒಂದು ಪಾರ್ಸೆಲ್ ತಂದುಕೊಟ್ಟ. ಪುಸ್ತಕವಿರಬಹುದು ಎಂದು ಅದುಮಿ ನೋಡಿದೆ, ಒಳಗೆ ಒಣ ಎಲೆಯ ಹಾಗೆ ಚರಚರ ಎಂದಿತು. ಕತ್ತರಿಯಿಂದ ಅಂಚು ಸೀಳಿದ್ದೇ ತಡ, ನಡುಮನೆಗೆಲ್ಲ ವಾಸನೆ ಹಬ್ಬಿತು. ಒಣಗಿದ ಜರ್ದಾಳು ಹಣ್ಣಿನ ವಾಸನೆ, ಅದರ ಬೆನ್ನಿಗೇ ಒದ್ದೆ ಮಣ್ಣಿನದು. ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ತಲೆಯೆತ್ತಿ, ಚಂದಮ್ಮ ಕಳಿಸಿದ್ದಾಳಾ ಎಂದು ಕೇಳಿದರು. ನಾಲ್ಕು ವರ್ಷವಾಯಿತು, ಆ ವಾಸನೆ ಅವರಿಗೂ ಮರೆತಿಲ್ಲ.

ಚೀಲದೊಳಗೆ ಒಣಗಿಸಿದ ಅಣಬೆಗಳಿದ್ದವು. ಕೆಲವು ಹಳದಿ, ಕೆಲವು ಕೆಂಪು, ಕೆಲವು ಇದ್ದಿಲಿನ ಹಾಗೆ ಕಪ್ಪು. ಜೊತೆಗೊಂದು ಚೀಟಿ. ಸೊಟ್ಟ ಸೊಟ್ಟ ಕನ್ನಡದಲ್ಲಿ, "ಅಕ್ಕ, ಅಮ್ಮ ಒಣಗಿಸಿದ್ದು. ಮೂರೂ ತಿನ್ನಬಹುದು" ಎಂದು ಬರೆದಿತ್ತು. 'ತಿನ್ನಬಹುದು' ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದಳು. ಪ್ರೀತಿಯಿಂದಲೇ ಎಳೆದಿದ್ದಾಳೆ, ಅದು ಗೊತ್ತು. ಆದರೂ ನನಗೆ ಕಪಾಳಕ್ಕೆ ಎರಡು ಬಿಟ್ಟ ಹಾಗಾಯಿತು. ಆ ಎರಡು ಗೆರೆಯ ಕಥೆಯನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಹೇಳಲು ಹೊರಟಾಗಲೆಲ್ಲ ನನ್ನ ಮೇಲೆ ನನಗೇ ಸಿಟ್ಟು ಬಂದು ಅರ್ಧಕ್ಕೇ ನಿಲ್ಲಿಸಿದ್ದೇನೆ.

ನಾನು ತರೀಕೆರೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವಳು. ಮನೆ ಕಡೂರು, ತವರು ಯಗಟಿ. ಯಗಟಿಯಲ್ಲಿ ರಾಗಿ, ತೆಂಗು, ಕುರಿಯ ವಿಚಾರ ಬಿಟ್ಟರೆ ಬೇರೆ ಮಾತಿರಲಿಲ್ಲ. ಶಾಲೆಗೆ ಹೋಗುವಾಗ ಬೇಲಿ ಬುಡದಲ್ಲಿ ಅಣಬೆ ಎದ್ದಿದ್ದರೆ ನಾಯಿಕೊಡೆ ಎಂದು ಒದ್ದು ಮುಂದೆ ಹೋಗುತ್ತಿದ್ದೆವು. ಎಂ.ಎಸ್ಸಿ.ಯಲ್ಲಿ ಅಣಬೆ, ಬೂಷ್ಟುಗಳ ವಿಷಯವನ್ನು ಬೇರೆ ಯಾರೂ ತೆಗೆದುಕೊಳ್ಳಲಿಲ್ಲವೆಂದು ಅದು ನನ್ನ ತಲೆಗೆ ಬಿತ್ತು, ಬರಬರುತ್ತಾ ಹಿಡಿಸಿತು. ಹೀಗೆ ಇಪ್ಪತ್ತು ವರ್ಷ ಅಣಬೆಯ ಪಾಠ ಮಾಡಿದ್ದೇನೆ, ಆದರೆ ಒಂದೇ ಒಂದು ಅಣಬೆಯನ್ನೂ ಬಾಯಿಗೆ ಹಾಕಿದವಳಲ್ಲ. ಹಿಂದಿನ ಬೆಂಚಿನ ಹುಡುಗಿಯರು ಇದನ್ನು ಹೇಳಿ ನಗುತ್ತಿದ್ದರು.

ಆ ವರ್ಷ ಜೂನ್ ತಿಂಗಳಲ್ಲಿ ಪರಿಚಯದ ಪ್ರೊಫೆಸರೊಬ್ಬರು ಫೋನ್ ಮಾಡಿದರು. ಅವರ ಹತ್ತಿರ ಜಾಂಬಿಯಾ ದೇಶದ ವಿದ್ಯಾರ್ಥಿನಿಯೊಬ್ಬಳು ಪಿಎಚ್.ಡಿ. ಮಾಡುತ್ತಿದ್ದಳು. ಹೆಸರು ಚಾಂದಾ. ಇಂಗ್ಲಿಷಿನಲ್ಲಿ ಶಾಂಟರೆಲ್ ಎನ್ನುತ್ತಾರಲ್ಲ, ಕೊಡೆಗಿಂತ ಹೆಚ್ಚಾಗಿ ತುತ್ತೂರಿಯನ್ನು ಹೋಲುವ ಅಣಬೆ, ಅದು ಅವಳ ವಿಷಯ. ಅವಳ ದೇಶದಲ್ಲಿ ಅದು ಎಷ್ಟು ಬಗೆ, ಯಾವುದನ್ನು ಯಾರು ತಿನ್ನುತ್ತಾರೆ, ಯಾವುದನ್ನು ಬಿಡುತ್ತಾರೆ, ಯಾಕೆ ಬಿಡುತ್ತಾರೆ ಎಂದು ಬರೆದಿದ್ದಳು. ಕೊನೆಯ ಅಧ್ಯಾಯಕ್ಕೆ ನಮ್ಮ ಕಡೆಯದನ್ನೂ ಒಂದು ಮಳೆಗಾಲ ನೋಡಿಕೊಂಡು ಹೋಗಬೇಕಿತ್ತು. ನನಗೆ ಖುಷಿಯೋ ಖುಷಿ. ಅಷ್ಟು ದೂರದಿಂದ ಒಬ್ಬಳು ನಮ್ಮ ತಾಲ್ಲೂಕಿನ ಅಣಬೆ ಹುಡುಕಿಕೊಂಡು ಬರುತ್ತಾಳೆಂದರೆ ಸಾಮಾನ್ಯವೇ?

ನಮ್ಮ ಹಿತ್ತಿಲಲ್ಲಿ ತೆಂಗಿನಕಾಯಿ ತುಂಬುತ್ತಿದ್ದ ಕೋಣೆಗೆ ಸುಣ್ಣ ಬಳಿಸಿ, ಒಂದು ಮಂಚ, ಒಂದು ಗ್ಯಾಸ್ ಒಲೆ ಇಟ್ಟುಕೊಟ್ಟೆ. ಬೀದಿಯವರ ಬಾಯಲ್ಲಿ ಚಾಂದಾ ಎರಡೇ ದಿನದಲ್ಲಿ ಚಂದಮ್ಮ ಆದಳು. ಅವಳಿಗೂ ಆ ಹೆಸರು ಹಿಡಿಸಿತು. ಬಂದ ದಿನವೇ ಅವಳು, ಸಿಕ್ಕ ಅಣಬೆಯನ್ನು ಅಡುಗೆ ಮಾಡಿಕೊಳ್ಳಬಹುದಾ ಎಂದು ಸಂಕೋಚದಿಂದ ಕೇಳಿದಳು. ನಾನು, "ನೋಡಮ್ಮ, ನಮ್ಮನೇಲಿ ತಿನ್ನಲ್ಲ. ನೀನು ಬೇಕಾದ್ರೆ ಹಿತ್ತಿಲ ಕೋಣೇಲಿ ಮಾಡ್ಕೋ" ಎಂದೆ. ಕಿವಿಗೆ ಬಿದ್ದ ಕನ್ನಡದ ಮಾತನ್ನೆಲ್ಲ ಬರೆದುಕೊಳ್ಳುವ ಒಂದು ಸಣ್ಣ ಪುಸ್ತಕ ಅವಳ ಹತ್ತಿರ ಇತ್ತು. ಇದನ್ನೂ ಬರೆದುಕೊಂಡಳು.

ಸಂಜೆ ಹೊತ್ತು ಬಾವಿಕಟ್ಟೆಯ ಮೇಲೆ ಕೂತು ಅವಳ ಊರಿನ ಕಥೆ ಕೇಳುತ್ತಿದ್ದೆ. ಅಲ್ಲಿ ಮಳೆ ಶುರುವಾಗುವುದು ನಮ್ಮ ಕಾರ್ತಿಕದ ಹೊತ್ತಿಗೆ. ಮೊದಲ ಮಳೆ ನಾಲ್ಕು ಬಿದ್ದರೆ ಸಾಕು, ಹೆಂಗಸರೆಲ್ಲ ಕಾಡಿಗೆ. ಮಧ್ಯಾಹ್ನದ ಹೊತ್ತಿಗೆ ಹೆದ್ದಾರಿಯ ಪಕ್ಕದಲ್ಲಿ ಸಾಲಾಗಿ ಪ್ಲಾಸ್ಟಿಕ್ ಬೇಸಿನ್ನುಗಳು, ಅದರ ತುಂಬ ಹಳದಿ ಕೆಂಪು ಅಣಬೆ. ಅವಳ ಅಮ್ಮನೂ ಹಾಗೆ ಮಾರಿಯೇ ಇವಳನ್ನು ಓದಿಸಿದ್ದು. ಅಣಬೆ ಹುಡುಕುವವರು ನೆಲ ನೋಡಬಾರದು, ಮರ ನೋಡಬೇಕು ಎಂಬುದು ಆ ತಾಯಿಯ ಮಾತಂತೆ. ಈ ಜಾತಿಯ ಅಣಬೆ ಕೆಲವೇ ಮರಗಳ ಬೇರಿಗೆ ಹೊಂದಿಕೊಂಡು ಬದುಕುತ್ತದೆ, ಮರ ಹೋದರೆ ಅದೂ ಹೋಯಿತು. ನಾನು ಕಾಲೇಜಿನಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವ ಪಾಠವನ್ನೇ ಆ ಹೆಂಗಸು ಒಂದು ಸಾಲಿನಲ್ಲಿ ಮುಗಿಸಿದ್ದಳು.

ಇನ್ನೊಂದು ವಿಷಯವನ್ನು ಚಾಂದಾ ಒತ್ತಿ ಹೇಳಿದ್ದಳು. ಆಗ ನಾನು ಅರ್ಧ ಕಿವಿಯಲ್ಲಿ ಕೇಳಿದೆ. ಒಂದೇ ಅಣಬೆಯನ್ನು ಈ ಊರಿನವರು ಆಸೆಪಟ್ಟು ತಿಂದರೆ ಪಕ್ಕದ ಊರಿನವರು ತುಳಿದುಕೊಂಡು ಹೋಗುತ್ತಾರಂತೆ. ವಿಷ ಎಂದಲ್ಲ. ಅವರ ಅಜ್ಜಿ ತಿಂದಿರಲಿಲ್ಲ, ಅಷ್ಟೇ. ಅದಕ್ಕೇ ಅವಳ ಫಾರಮ್ಮಿನಲ್ಲಿ ತಿನ್ನುವ ವಿಷಯಕ್ಕೆ ನಾಲ್ಕು ಕಾಲಮ್ ಇದ್ದವು. ಇಲ್ಲಿ ತಿನ್ನುತ್ತಾರೆ, ಇಲ್ಲಿ ತಿನ್ನದಿದ್ದರೂ ಬೇರೆ ಕಡೆ ತಿನ್ನುತ್ತಾರೆ, ಕಹಿಯೆಂದು ಬಿಡುತ್ತಾರೆ, ತಿಂದರೆ ಕಾಯಿಲೆ ಬೀಳುತ್ತಾರೆ. ನಾನು ನಕ್ಕುಬಿಟ್ಟೆ. ನಮ್ಮ ಜನಕ್ಕೆ ಅಷ್ಟೊಂದು ಪ್ರಶ್ನೆ ಕೇಳಿದರೆ ಎದ್ದು ಹೋಗುತ್ತಾರೆ, ನನಗೆ ಗೊತ್ತಿಲ್ಲವೇ ನಮ್ಮ ಜನ ಎಂದೆ. ಕನ್ನಡದ ಫಾರಮ್ಮನ್ನು ನಾನೇ ಬರೆದೆ. ಎರಡೇ ಕಾಲಮ್ ಇಟ್ಟೆ: ತಿನ್ನುತ್ತಾರೆ, ತಿನ್ನುವುದಿಲ್ಲ.

ಆ ವರ್ಷ ಮುಂಗಾರು ಕಡೂರಿಗೆ ಬರೀ ಗಾಳಿ ತಂದಿತು. ಅಂಗಳದ ಧೂಳೆಲ್ಲ ಅಡುಗೆಮನೆಯಲ್ಲಿ. ಮೊದಲು ಎಮ್ಮೆದೊಡ್ಡಿಯ ಕಾವಲಿಗೆ ಹೋದೆವು. ಅಮೃತಮಹಲ್ ದನ ಮೇಯುವ ಆ ಬಯಲಿನಲ್ಲಿ ಹುತ್ತದ ಪಕ್ಕ ಏಳುವ ಬಿಳಿ ಅಣಬೆ ಸಿಕ್ಕಿತು. ಅಲ್ಲಿನ ಹೆಂಗಸರು ಕೇಳುವುದಕ್ಕೆ ಮುಂಚೆಯೇ ಹೇಳಿಬಿಟ್ಟರು. ಸಾರು ಮಾಡ್ತೀವಿ, ಖಾರ ಹಾಕಿ ಹುರೀತೀವಿ, ನಿಮಗೂ ಒಂದು ಬೊಗಸೆ ಕೊಡ್ಲಾ ಎಂದರು. ಫಾರಮ್ಮಿನಲ್ಲಿ 'ತಿನ್ನುತ್ತಾರೆ' ಎಂಬಲ್ಲಿ ಟಿಕ್ ಹಾಕಿದ್ದಾಯಿತು. ತಿನ್ನದ ಅಣಬೆಗೆಲ್ಲ ಅವರ ಹತ್ತಿರ ಒಂದೇ ಹೆಸರು, ನಾಯಿಕೊಡೆ. ನನ್ನ ಫಾರಮ್ಮು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಚಾಂದಾಗೆ ಹೆಮ್ಮೆಯಿಂದ ತೋರಿಸಿದೆ. ಅವಳು ಸುತ್ತ ಕಣ್ಣು ಹಾಯಿಸಿ, ಹುಲ್ಲಿದೆ, ಮರವಿಲ್ಲ ಎಂದಳು.

ಅಜ್ಜಂಪುರದ ಕಡೆ ನಾಲ್ಕು ದಿನ ಈರುಳ್ಳಿ ಹೊಲದ ಬದುಗಳಲ್ಲಿ ಅಲೆದೆವು. ಅಲ್ಲೂ ಏನೂ ಇಲ್ಲ. ಹೊಲದಲ್ಲಿ ಕಳೆ ಕೀಳುತ್ತಿದ್ದವರು ಚಾಂದಾಳನ್ನು ನೋಡಲು ಎದ್ದು ನಿಲ್ಲುತ್ತಿದ್ದರು, ಅವಳ ಜಡೆ ಹಿಡಿದು ನೋಡಿ, ಇದನ್ನು ಹೆಣೆಯೋಕೆ ಎಷ್ಟು ಹೊತ್ತು ಬೇಕು ಎಂದು ನನ್ನನ್ನು ಕೇಳುತ್ತಿದ್ದರು. ನಾವು ಬಂದ ಕೆಲಸದ ಬಗ್ಗೆ ಯಾರಿಗೂ ಆಸಕ್ತಿಯಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನೋಯುವ ಕಾಲು ಒತ್ತಿಕೊಳ್ಳುತ್ತಾ, ಇವಳ ಒಂದು ಮಳೆಗಾಲವನ್ನು ನಾನು ವ್ಯರ್ಥ ಮಾಡುತ್ತಿದ್ದೇನೆ ಎಂದು ಕೊರಗಿದೆ.

ಜೂನ್ ಕೊನೆಯಲ್ಲಿ ತರೀಕೆರೆಯ ಆಚೆ, ಗುಡ್ಡದ ಕಡೆಗೆ ಹೋಗುವ ರಸ್ತೆಯಲ್ಲಿ ಕೊಪ್ಪಲು ಎಂಬ ಹಳ್ಳಿಗೆ ಹೋದೆವು. ಅಲ್ಲಿ ಜಡಿಮಳೆ ಹಿಡಿದಿತ್ತು. ಊರಿಗೆ ಮುಂಚೆ ರಸ್ತೆಯ ಪಕ್ಕ ಹನ್ನೊಂದು ಧೂಪದ ಮರಗಳಿದ್ದವು. ಯಾವ ಕಾಲದಲ್ಲಿ ನೆಟ್ಟಿದ್ದೋ, ಮೂರು ಜನ ಕೈ ಹಿಡಿದರೂ ಬುಡ ಸುತ್ತಲಾಗುತ್ತಿರಲಿಲ್ಲ. ಚಾಂದಾ ಬಸ್ಸಿನಿಂದ ಇಳಿದವಳೇ ತಲೆಯೆತ್ತಿ ಮರ ನೋಡಿದಳು, ಆಮೇಲೆ ಓಡಿದಳು. ಬುಡದ ತರಗೆಲೆ ಸರಿಸಿದರೆ ಕೆಳಗೆ ಹಳದಿಯೋ ಹಳದಿ. ಅವಳು ಮೊಣಕಾಲೂರಿ ಕೂತು, ಒಂದನ್ನು ಕಿತ್ತು ಮೂಗಿಗೆ ಹಿಡಿದು, ಚಿತೊಂಡೊ ಎಂದಳು. ಅವರ ಭಾಷೆಯಲ್ಲಿ ಅದರ ಹೆಸರು. ನಮ್ಮಲ್ಲಿರುವುದು ಅದರ ದಾಯಾದಿ ಇರಬೇಕು, ಅದೇ ಅಲ್ಲ. ಆದರೂ ಅವಳ ಕಣ್ಣು ತುಂಬಿತ್ತು. ಆ ಮಳೆಗಾಲದಲ್ಲಿ ನಾವಿಬ್ಬರೂ ಪೂರ್ತಿ ಸಂತೋಷವಾಗಿದ್ದದ್ದು ಆ ಒಂದು ದಿನ.

ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿ ನಿಂತಳು. ಅವಳೇ ಪುಟ್ಟಮ್ಮ. ಮರದ ಸಾಲಿನ ಹಿಂದೆಯೇ ಅವಳ ಮನೆ. ನನ್ನ ವಾರಿಗೆಯವಳು, ಮಾತಿನಲ್ಲಿ ಚುರುಕು. ಇದೇನು ಎಂದು ಕೇಳಿದೆ. ಅರಿಶಿನದ ಅಣಬೆ ಎಂದಳು. ಅಡಿಭಾಗದ ಗೆರೆಗಳು ಕಾಲಿನವರೆಗೂ ಇಳಿದಿರಬೇಕು, ಹಾಗೆ ಇಳಿದಿಲ್ಲದಿದ್ದರೆ ಅದು ಇದಲ್ಲ ಎಂದೂ ಸೇರಿಸಿದಳು. ಪುಸ್ತಕದಲ್ಲಿ ಬರೆದಿರುವ ಲಕ್ಷಣವೇ ಅದು. ಊರಿಗೆ ಹೋಗುವ ದಾರಿಯಲ್ಲಿ ಚಾಂದಾ, ತಿನ್ನದ ವಸ್ತುವಿಗೆ ಯಾರಾದರೂ ಇಷ್ಟು ಚಂದದ ಹೆಸರು ಇಡುತ್ತಾರಾ ಅಕ್ಕ ಎಂದಳು. ನಾನು ಹೂಂಗುಟ್ಟಿದೆ.

ನಲವತ್ತು ಮನೆಯ ಊರು. ಒಂದೊಂದೇ ಮನೆಯ ಜಗಲಿಯ ಮೇಲೆ ಕೂತು, ಅಣಬೆಯನ್ನು ಕಾಗದದ ಮೇಲಿಟ್ಟು, "ನಿಮ್ಮನೇಲಿ ಇದನ್ನ ತಿಂತೀರಾ?" ಎಂದು ಕೇಳುತ್ತಾ ಹೋದೆ. ಎಲ್ಲ ಕಡೆಯೂ ಒಂದೇ ಉತ್ತರ, ನಮ್ಮನೇಲಿ ತಿನ್ನಲ್ಲ. ಪುಟ್ಟಮ್ಮನ ಅತ್ತೆ ಸಿದ್ದಮ್ಮ ಜಗಲಿಯ ಮೇಲೆ ಎಲೆಯಡಿಕೆ ಕುಟ್ಟುತ್ತಾ ಕೂತಿದ್ದವರು, ಕೇಳಿದ ತಕ್ಷಣ ಮುಖ ಸಿಂಡರಿಸಿ, "ಶಿವ ಶಿವ, ನಮ್ಮನೇಲಿ ತಿನ್ನಲ್ಲ ಕಣವ್ವ" ಎಂದರು. ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದ ಪುಟ್ಟಮ್ಮನೂ ಇಲ್ಲ ಎಂದು ತಲೆಯಾಡಿಸಿದಳು. ನಲವತ್ತು ಫಾರಮ್ಮಿನಲ್ಲೂ 'ತಿನ್ನುವುದಿಲ್ಲ' ಎಂಬಲ್ಲಿ ಟಿಕ್ ಬಿತ್ತು. ನನಗೆ ನಿರಾಶೆಯಾಯಿತು. ಆದರೆ ಜನ ಹೇಳಿದ್ದನ್ನು ಬರೆಯುವುದು ತಾನೇ ನಮ್ಮ ಕೆಲಸ ಎಂದು ಸಮಾಧಾನ ಮಾಡಿಕೊಂಡೆ.

ಇಷ್ಟೇ ಆಗಿದ್ದರೆ ಅದು ನಮ್ಮಿಬ್ಬರ ಕಾಗದದೊಳಗಿನ ತಪ್ಪಾಗಿ ಉಳಿಯುತ್ತಿತ್ತು. ಜುಲೈ ಮೊದಲ ವಾರ ನಮ್ಮ ಕಾಲೇಜಿಗೆ ಒಂದು ಕಚೇರಿಯಿಂದ ಪತ್ರ ಬಂತು. ಆ ರಸ್ತೆಯನ್ನು ಅಗಲ ಮಾಡುತ್ತಾರೆ. ಹನ್ನೊಂದು ಮರಗಳನ್ನು ಕಡಿಯಬೇಕೋ ರಸ್ತೆಯನ್ನೇ ಸ್ವಲ್ಪ ತಿರುಗಿಸಬೇಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆ ಮರಗಳಿಂದ ಊರ ಜನಕ್ಕೆ ಆಹಾರವೋ ಮತ್ತೊಂದೋ ಏನಾದರೂ ಉಪಯೋಗ ಉಂಟೇ ಎಂದು ಸಸ್ಯಶಾಸ್ತ್ರದವರು ತಿಳಿಸಬೇಕು. ಪ್ರಿನ್ಸಿಪಾಲರು ಪತ್ರವನ್ನು ನನ್ನ ಮೇಜಿಗೆ ದಾಟಿಸಿದರು. ಧೂಪ ತೆಗೆಯುವುದನ್ನು ಆ ಊರಿನವರು ಬಿಟ್ಟು ಎಷ್ಟೋ ಕಾಲವಾಗಿತ್ತು, ಹೇಳಿಕೊಳ್ಳಲು ಉಳಿದಿದ್ದು ಅಣಬೆ ಒಂದೇ. ಆ ಮರಗಳು ಉಳಿಯಬೇಕೆಂದು ನನಗೆ ಎಷ್ಟು ಆಸೆಯಿತ್ತು ಎಂದರೆ, ಒಂದೆರಡು ಮನೆಯವರು ತಿನ್ನುತ್ತಾರೆ ಎಂದು ಸುಳ್ಳು ಬರೆದರೇನು ಎಂದು ಕೂಡ ಯೋಚಿಸಿದೆ. ಆಮೇಲೆ, ಛೇ, ಪಾಠ ಹೇಳುವವಳು ಹೀಗೆ ಮಾಡಬಾರದು ಎಂದು ಇದ್ದದ್ದು ಇದ್ದ ಹಾಗೆ ಬರೆದೆ. ವರದಿ ಇಂಗ್ಲಿಷಿನಲ್ಲಿ ಬೇಕಿತ್ತು. ಇಂಗ್ಲಿಷಿಗೆ ಇಳಿಸುವಾಗ 'ತಿನ್ನುವುದಿಲ್ಲ' ಎಂಬುದು 'ಇನ್‌ಎಡಿಬಲ್' ಆಯಿತು, ಅಂದರೆ ತಿನ್ನಲು ಬಾರದ್ದು. ಕೆಳಗೆ ನನ್ನ ಸೈ. ಸತ್ಯ ಬರೆದೆನೆಂಬ ಹೆಮ್ಮೆ ಬೇರೆ.

ಆಷಾಢದ ಕೊನೆಯ ವಾರ ನನಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿತ್ತು. ಚಾಂದಾ ಒಬ್ಬಳೇ ಕೊಪ್ಪಲಿಗೆ ಮಣ್ಣಿನ ಮಾದರಿ ತರಲು ಹೋದಳು. ಮಳೆ ಜೋರಾಗಿ ಹಿಡಿದುಕೊಂಡಿತು. ಜಗಲಿ, ಹಿತ್ತಿಲು ಎಂಬ ಭೇದ ಅವಳಿಗೆ ತಿಳಿಯದು, ಹತ್ತಿರ ಕಂಡ ಪುಟ್ಟಮ್ಮನ ಹಿತ್ತಿಲಿಗೆ ನುಗ್ಗಿದಳು. ಅಲ್ಲಿ ತಗಡಿನ ಸೂರಿನ ಕೆಳಗೆ ಮೂರು ಕಲ್ಲಿನ ಒಲೆ, ಒಲೆಯ ಮೇಲೆ ಕರಿ ಹಿಡಿದ ಮಡಕೆ. ಪುಟ್ಟಮ್ಮ ಸೌಟಾಡಿಸುತ್ತಿದ್ದಾಳೆ. ಪಕ್ಕದಲ್ಲಿ ಬೋರಲು ಹಾಕಿದ ಬುಟ್ಟಿಯ ಮೇಲೆ ಅತ್ತೆ ಸಿದ್ದಮ್ಮ, ತಟ್ಟೆಯಲ್ಲಿ ರಾಗಿಮುದ್ದೆ, ಮೇಲೆ ಅರಿಶಿನದ ಅಣಬೆಯ ಸಾರು. ಶ್ರಾವಣ ಬಂದರೆ ಹಿತ್ತಿಲಲ್ಲೂ ಮಾಡುವಂತಿಲ್ಲವೆಂದು ಊರಿನ ಮುಕ್ಕಾಲು ಹಿತ್ತಿಲುಗಳಲ್ಲಿ ಆ ದಿನ ಅದೇ ಸಾರು ಕುದಿಯುತ್ತಿತ್ತಂತೆ. ಚಾಂದಾ ಗಾಬರಿಯಾಗಲಿಲ್ಲ. ನನ್ನ ಹಾಗೆ ತಿಂತೀರಾ ಎಂದು ಕೇಳಲೂ ಇಲ್ಲ. ಹೇಗೆ ಮಾಡ್ತೀರಿ ಎಂದು ತನ್ನ ಅರೆಬರೆ ಕನ್ನಡದಲ್ಲಿ ಕೇಳಿದಳು. ಮುಂದಿನದೆಲ್ಲ ತಾನಾಗಿ ಬಂತು. ಯಾವ ಮಳೆಗೆ ಏಳುತ್ತದೆ, ಎಷ್ಟು ಕುದಿಸಬೇಕು, ಯಾವ ಅಣಬೆ ಇದರ ಹಾಗೇ ಕಂಡು ಮೋಸ ಮಾಡುತ್ತದೆ, ಎಲ್ಲ ಹೇಳಿದರು. ಅವಳಿಗೂ ಒಂದು ತಟ್ಟೆ ಕೊಟ್ಟರು.

ಸಂಜೆ ಬಸ್ಸಿನಲ್ಲಿ ಬಂದವಳು ಬಾವಿಕಟ್ಟೆಯ ಮೇಲೆ ಕೂತು ಇದನ್ನು ನಿಧಾನವಾಗಿ ಹೇಳಿದಳು. ನನಗೆ ಸೈ ಹಾಕಿ ಕಳಿಸಿದ ವರದಿ ನೆನಪಾಯಿತು. ಮರುದಿನ ಅವಳನ್ನು ಕರೆದುಕೊಂಡು ಕೊಪ್ಪಲಿಗೆ ಹೋದೆ, ಸಿಟ್ಟಿನಲ್ಲೇ. ಯಾಕೆ ಸುಳ್ಳು ಹೇಳಿದಿರಿ ಎಂದು ಪುಟ್ಟಮ್ಮನ ಮೇಲೆ ರೇಗಿದೆ. ಅವಳು ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

"ನೀವು ಕೇಳಿದ್ದೇನು ಮೇಡಮ್ಮೋರೆ? ನಿಮ್ಮನೇಲಿ ತಿಂತೀರಾ ಅಂದ್ರಿ. ಮನೇಲಿ ತಿನ್ನಲ್ಲ ಅಂದ್ವಿ. ಅದ್ರಲ್ಲಿ ಸುಳ್ಳೇನೈತೆ? ದೇವ್ರಿರೋ ಮನೆಯೊಳಿಕ್ಕೆ ಅದು ಬರಲ್ಲ. ಹಿತ್ಲಲ್ಲಿ ತಿಂತೀರಾ ಅಂತ ಯಾರ್ ಕೇಳಿದ್ರು?"

ಪಕ್ಕದಲ್ಲಿ ಚಾಂದಾ ತನ್ನ ಸಣ್ಣ ಪುಸ್ತಕದ ಮೊದಲ ಪುಟ ತೆಗೆದು ನನ್ನ ಮುಂದೆ ಹಿಡಿದಳು. 'ನಮ್ಮನೇಲಿ ತಿನ್ನಲ್ಲ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದಳು, ಪಕ್ಕದಲ್ಲಿ ಅರ್ಥ: ಒಳಗೆ ಬೇಡ, ಹೊರಗೆ ಆಗಬಹುದು. "ಅಕ್ಕ, ಮೊದಲ ದಿನ ನೀವೂ ಇದೇ ಹೇಳಿದ್ರಿ" ಎಂದಳು. ಚುಚ್ಚುವ ದನಿಯಲ್ಲಲ್ಲ, ಪಾಠ ಒಪ್ಪಿಸುವ ಹುಡುಗಿಯ ಹಾಗೆ. ಹೊರದೇಶದವಳು ಬಂದ ದಿನವೇ ಅರ್ಥ ಮಾಡಿಕೊಂಡ ಮಾತನ್ನು ಹುಟ್ಟಿದಾಗಿನಿಂದ ಆಡುತ್ತಾ ಬಂದ ನಾನು ಅರ್ಥ ಮಾಡಿಕೊಂಡಿರಲಿಲ್ಲ. ಹಿತ್ತಿಲ ಗಿಡ ಮದ್ದಲ್ಲ ಎನ್ನುತ್ತಾರೆ. ನನಗೆ ಹಿತ್ತಿಲೇ ಕಂಡಿರಲಿಲ್ಲ.

ಮಾರನೆಯ ದಿನವೇ ಕಚೇರಿಗೆ ಓಡಿದೆ. ತಪ್ಪಾಗಿದೆ, ಆ ಊರಿನವರು ಈ ಅಣಬೆ ತಿನ್ನುತ್ತಾರೆ, ಮನೆಯೊಳಗೆ ಮಾತ್ರ ಅಡುಗೆ ಮಾಡುವುದಿಲ್ಲ ಎಂದು ಎರಡು ಪುಟದ ಪತ್ರ ಬರೆದಿದ್ದೆ. ಅಲ್ಲಿದ್ದ ಗುಮಾಸ್ತರು ಒಳ್ಳೆಯವರೇ. ಕೂರಿಸಿ ಟೀ ತರಿಸಿದರು. ಪತ್ರ ಓದಿ, ಕನ್ನಡಕ ತೆಗೆದು, "ಮೇಡಂ, ಹೋದ ತಿಂಗಳು ತಿನ್ನಲ್ಲ ಅಂತ ನೀವೇ ಬರೆದಿದ್ದೀರಿ. ಈಗ ತಿಂತಾರೆ ಅಂತೀರಿ. ಫೈಲು ಸಾಹೇಬ್ರ ಹತ್ರ ಹೋಗಿಯಾಯ್ತು. ತಿನ್ನೋರ ಕೈಲಿ ಒಂದು ಸೈ ಹಾಕಿಸ್ಕೊಂಡು ಬನ್ನಿ, ನೋಡೋಣ" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಉರಿಸಿತು.

ಆಮೇಲಿನ ಒಂದೂವರೆ ತಿಂಗಳು ನಾನು ಕೊಪ್ಪಲಿಗೆ ಎಷ್ಟು ಸಲ ಹೋದೆನೋ. ನಲವತ್ತು ಮನೆ ಹತ್ತಿ ಇಳಿದೆ. ಹಿತ್ತಿಲಲ್ಲಿ ಕೂರಿಸಿ ಮಾತಾಡಿಸಿದರೆ ಎಲ್ಲರೂ ನಗುನಗುತ್ತಾ ಒಪ್ಪಿಕೊಳ್ಳುತ್ತಿದ್ದರು. ಕಾಗದ ತೆಗೆದ ಕೂಡಲೇ ಒಬ್ಬರಿಗೆ ಹಾಲು ಕರೆಯುವ ಹೊತ್ತು, ಒಬ್ಬರಿಗೆ ಗಂಡ ಊರಲ್ಲಿಲ್ಲ, ಇನ್ನೊಬ್ಬರಿಗೆ ಕನ್ನಡಕ ಸಿಗುತ್ತಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಕೆಲಸ. ಅಣಬೆ ಇವರದು, ಮರ ಇವರದು, ಊಟ ಇವರದು, ಓಡಾಡಿ ಸಾಯುವವಳು ನಾನು ಎಂದು ಬಸ್ಸಿನಲ್ಲಿ ಚಾಂದಾಳ ಮುಂದೆ ಗೊಣಗುತ್ತಿದ್ದೆ.

ಕೊನೆಗೆ ಪುಟ್ಟಮ್ಮನೊಬ್ಬಳು ಸೈ ಹಾಕಿದರೆ ಉಳಿದವರು ಹಿಂದೆ ಬರುತ್ತಾರೆಂದು ಅವಳ ಮುಂದೆ ಕೂತೆ. ಮರಗಳು ಹೋದರೆ ಈ ಅಣಬೆಯೂ ಹೋಗುತ್ತದೆ ಕಣೇ, ಎಲ್ಲಿಂದ ತಂದು ನೆಟ್ಟರೂ ಮತ್ತೆ ಬರುವುದಿಲ್ಲ ಎಂದು ಗೋಗರೆದೆ. ಅವಳ ಮುಖ ಸಣ್ಣದಾಯಿತು. ಮಗಳಿಗೆ ಗಂಡು ಗೊತ್ತಾಗುವುದರಲ್ಲಿದೆ, ಬೀಗರಾಗುವವರು ಈರುಳ್ಳಿಯನ್ನೂ ಮುಟ್ಟದ ಜನ, ಅವರ ಕಡೆಯವರೊಬ್ಬರು ತಾಲ್ಲೂಕು ಕಚೇರಿಯಲ್ಲೇ ಇದ್ದಾರೆ ಎಂದು ತಡೆದು ತಡೆದು ಹೇಳಿದಳು.

"ಹಿತ್ಲಲ್ಲಿ ತಿನ್ನೋದ್ನ ಜಗಲಿ ಮೇಲೆ ಕೂತು ಸೈ ಹಾಕ್ಕೊಡಕ್ಕಾಗ್ತದಾ ಮೇಡಮ್ಮೋರೆ? ನೀವಾದ್ರೆ ಹಾಕ್ತಿದ್ರಾ?"

ಹಾಕುತ್ತಿದ್ದೆ ಎಂದು ಹೇಳಬೇಕೆಂದಿದ್ದೆ. ಅಣಬೆಯ ಹೆಸರೆತ್ತಿದರೇ ಸಿಂಡರಿಸುವ ನಮ್ಮ ಅತ್ತೆಯವರ ಮುಖ ಕಣ್ಣ ಮುಂದೆ ಬಂತು. ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಅಕ್ಟೋಬರಿನಲ್ಲಿ ಚಾಂದಾ ಹೊರಟಳು. ಕಡೂರು ಸ್ಟೇಷನ್ನಿನಲ್ಲಿ ರೈಲು ಹತ್ತಿಸುವಾಗ, ಅಧ್ಯಾಯದಲ್ಲಿ ಕೊಪ್ಪಲಿನ ವಿಷಯ ಸರಿಯಾಗಿಯೇ ಬರೆಯುತ್ತೇನೆ, ಊರಿನ ಹೆಸರು ಹಾಕುವುದಿಲ್ಲ ಎಂದಳು. ಅವಳ ನಾಲ್ಕು ಕಾಲಮ್ಮಿಗೆ ಐದನೆಯದೊಂದು ಸೇರಿಸುತ್ತಾಳಂತೆ, ತಿನ್ನುತ್ತಾರೆ ಆದರೆ ಹೇಳುವುದಿಲ್ಲ ಎಂದು. ನಾನು ನಗಲು ನೋಡಿದೆ, ಆಗಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಪುಟ್ಟಮ್ಮನ ಫೋನ್ ಬಂತು. "ಬಂದವ್ರೆ ಮೇಡಮ್ಮೋರೆ" ಎಂದಳು, ಅಷ್ಟೇ. ನಾನು ಹೋಗಿ ಮುಟ್ಟುವ ಹೊತ್ತಿಗೆ ಏಳು ಮರ ಮಲಗಿದ್ದವು. ಗರಗಸದ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಕಡಿದ ಬುಡದಿಂದ ಅಂಟು ಒಸರಿ, ರಸ್ತೆಯೆಲ್ಲ ಪೂಜೆಯ ಮನೆಯ ಹಾಗೆ ಘಮ್ಮೆನ್ನುತ್ತಿತ್ತು. ಪುಟ್ಟಮ್ಮ ಹಿತ್ತಿಲ ಬೇಲಿ ಹಿಡಿದು ನಿಂತಿದ್ದಳು, ನಾನು ರಸ್ತೆಯಲ್ಲಿ ನಿಂತಿದ್ದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಸರಿಯಾಗಿ ಬರೆದಿದ್ದರೆ ಮರ ಉಳಿಯುತ್ತಿದ್ದವು ಎಂದು ಹೇಳಲಾರೆ, ರಸ್ತೆಯವರಿಗೆ ರಸ್ತೆಯೇ ದೊಡ್ಡದು. ಆದರೆ ಅವುಗಳ ಪರವಾಗಿ ಮಾತಾಡಬಹುದಾಗಿದ್ದ ಒಂದೇ ಒಂದು ಹಾಳೆಯಲ್ಲಿ ನನ್ನ ಅಕ್ಷರದಲ್ಲಿ ಅವುಗಳ ವಿರುದ್ಧ ಬರೆದಿತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನಮ್ಮಮ್ಮ ಹೇಳುತ್ತಿದ್ದರು, ನನಗೆಂದೇ ಮಾಡಿದ ಗಾದೆ. ಮುಂದಿನ ಎರಡು ಮುಂಗಾರಿನಲ್ಲೂ ಹೋಗಿ ನೋಡಿದೆ. ಜಲ್ಲಿ ಹಾಸಿದ ಅಂಚಿನಲ್ಲಿ ಪಾರ್ಥೇನಿಯಂ ಎದ್ದಿತ್ತು. ಆಮೇಲೆ ಹೋಗುವುದನ್ನೇ ಬಿಟ್ಟೆ.

ಚಾಂದಾಳ ಪಾರ್ಸೆಲ್ಲನ್ನು ಮೂರು ದಿನ ಬೀರುವಿನಲ್ಲಿಟ್ಟೆ. ಬಾಗಿಲು ತೆಗೆದಾಗಲೆಲ್ಲ ಸೀರೆಗಳಿಂದ ಆ ವಾಸನೆ. ಭಾನುವಾರ ಚೀಲಕ್ಕೆ ಹಾಕಿಕೊಂಡು ಹೊರಟೆ. ರಸ್ತೆ ಚೆನ್ನಾಗಿದೆ, ಅದನ್ನೂ ಹೇಳಬೇಕು. ತರೀಕೆರೆಯಿಂದ ಕೊಪ್ಪಲಿಗೆ ಮೊದಲು ಹಿಡಿಯುತ್ತಿದ್ದ ಹೊತ್ತಿನಲ್ಲಿ ಅರ್ಧವೂ ಬೇಡ. ಎಲ್ಲಿ ಇಳಿಯಬೇಕೆಂಬುದೇ ನನಗೆ ಗೊತ್ತಾಗಲಿಲ್ಲ, ಕಂಡಕ್ಟರೇ ಇದೇ ಮೇಡಂ ಕೊಪ್ಪಲು ಎಂದು ಇಳಿಸಿದ.

ಜಗಲಿಯ ಕಡೆಗೆ ಹೋಗಲಿಲ್ಲ. ಸುತ್ತಿಕೊಂಡು ಹಿತ್ತಿಲ ಬೇಲಿ ದಾಟಿ ನಿಂತು ಕೂಗಿದೆ. ಪುಟ್ಟಮ್ಮ ಬಂದಳು, ಕೂದಲು ಬೆಳ್ಳಗಾಗಿದೆ. ಮಗಳನ್ನು ಆ ಈರುಳ್ಳಿ ಮುಟ್ಟದವರ ಮನೆಗೇ ಕೊಟ್ಟಾಯಿತಂತೆ. ಸಿದ್ದಮ್ಮನವರಿಗೆ ಈಗ ಕಿವಿ ಕೇಳುವುದಿಲ್ಲ, ಆದರೆ ಮೂಗು ಚುರುಕಾಗಿದೆ. ನಾನು ಚೀಲ ಬಿಚ್ಚಿದ್ದೇ ತಡ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು ಬುಟ್ಟಿಯ ಮೇಲೆ ಕೂತರು. ಯಾವ ಊರಿಂದ ಬಂತು ಎಂದು ಪುಟ್ಟಮ್ಮ ಕೇಳಿದಳು. ಚಂದಮ್ಮನ ಅಮ್ಮ ಕಳಿಸಿದ್ದು ಎಂದೆ. ಅವಳು ಒಂದೊಂದನ್ನೇ ಎತ್ತಿ, ಗೆರೆ ಕಾಲಿನವರೆಗೆ ಇಳಿದಿದೆಯಾ ಎಂದು ತಿರುಗಿಸಿ ನೋಡಿದಳು. ಆಮೇಲೆ ತಗಡಿನ ಸೂರಿನಡಿ ಬೋರಲು ಹಾಕಿದ್ದ ಮಡಕೆಯನ್ನು ತೆಗೆದಳು. ಒಳಗೆ ಜೇಡರ ಬಲೆ ಕಟ್ಟಿತ್ತು. ನಾಲ್ಕು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

ಮೂರು ನೀರಿನಲ್ಲಿ ತೊಳೆದು, ಬಿಸಿನೀರಿನಲ್ಲಿ ನೆನೆಸಿ, ಕಾಯಿ ಖಾರ ಹಾಕಿ ಕುದಿಸಿದಳು. ಒಲೆಯ ಮುಂದೆ ಕೂತು ನಾವು ಮರದ ಮಾತೆತ್ತಲಿಲ್ಲ. ಬೇಲಿಯಾಚೆ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು, ಒಂದೊಂದು ಹೋದಾಗಲೂ ತಗಡು ಅದುರುತ್ತಿತ್ತು. ಅತ್ತೆಗೆ ಮುದ್ದೆಯ ಮೇಲೆ ಸಾರು ಬಡಿಸಿ, ತನಗೂ ಒಂದು ತಟ್ಟೆ ಹಾಕಿಕೊಂಡು, ಸೌಟು ಮಡಕೆಯಲ್ಲೇ ಬಿಟ್ಟು ಅವಳು ನನ್ನ ಕಡೆ ತಿರುಗಿದಳು.

"ನೀವು ತಿಂತೀರಾ ಮೇಡಮ್ಮೋರೆ?"

"ನಮ್ಮನೇಲಿ ತಿನ್ನಲ್ಲ" ಎಂದೆ.

ಪುಟ್ಟಮ್ಮ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಎದ್ದು ಹೋಗಿ ಇನ್ನೊಂದು ತಟ್ಟೆ ತಂದಳು.